ಅವ್ವನ ಚಹಾ ಬಟ್ಟಲು

ನನ್ನವ್ವ ದ್ರೌಪದಿ ಚಹಾ ಕುಡಿಯುವುದು ಕಪ್ಪಿನಲ್ಲಲ್ಲ, ಸ್ಟೀಲಿನ ಬಟ್ಟಲಲ್ಲಿ. ಎರಡೂ ಕೈಯಲ್ಲಿ ಹಿಡಿದು, ಊದಿ ಊದಿ, ಕೊನೆಯ ಗುಟುಕಿನವರೆಗೆ ಕುಡಿಯುತ್ತಾಳೆ. ಹೋದ ವರ್ಷ ತೊಗರಿ ರಾಶಿ ಮುಗಿಸಿ ಬಂದ ಒಂದು ಸಂಜೆ, ತಲೆಯ ತುಂಬ ಹೊಟ್ಟು, ರೆಪ್ಪೆಯ ಮೇಲೆ ಧೂಳು, ನಮ್ಮ ಮನೆಯ ಕಟ್ಟೆಯ ಮೇಲೆ ಹಾಗೆ ಕುಳಿತಿದ್ದಾಗ ನಾನೊಂದು ಫೋಟೋ ತೆಗೆದೆ. ಆ ಮನೆ ಅವಳು ದುಡಿದು ಕಟ್ಟಿಸಿದ್ದು. ಆ ಕಟ್ಟೆಗೆ ಸಿಮೆಂಟು ಬಳಿದದ್ದೂ ಅವಳೇ.

ಚೌಡಾಪುರದ ಕ್ರಾಸಿನಲ್ಲಿ ನನ್ನದೊಂದು ಸಣ್ಣ ಫೋಟೋ ಅಂಗಡಿಯಿದೆ. ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು, ಲ್ಯಾಮಿನೇಶನ್ನು. ಗಾಣಗಾಪುರಕ್ಕೆ ಹೋಗುವ ಭಕ್ತರಿಂದಲೇ ನಮ್ಮ ಒಲೆ ಉರಿಯುವುದು. ಬಿಡುವಾದಾಗ ನಾನು ತೆಗೆದ ಒಳ್ಳೆಯ ಚಿತ್ರಗಳನ್ನು ಇಂಟರ್ನೆಟ್ಟಿನ ಒಂದು ಚಿತ್ರಭಂಡಾರಕ್ಕೆ ಹಾಕುತ್ತೇನೆ. ಅಲ್ಲಿಂದ ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳಬಹುದು, ನೋಡಿ ಚಿತ್ರ ಬರೆಯಬಹುದು, ಕಥೆ ಕಟ್ಟಬಹುದು. ಕಂಡರಿಯದ ದೇಶದವರ ಫೋಟೋ ನೋಡಿಯೇ ನಾನು ಬೆಳಕು ಹಿಡಿಯುವುದನ್ನು ಕಲಿತವಳು, ಹಾಗಾಗಿ ನನ್ನದನ್ನೂ ಕೊಡುವುದು ನ್ಯಾಯ ಎನಿಸಿತ್ತು. ಅವ್ವನ ಫೋಟೋ ಹಾಕುವಾಗ ‘ಎಲ್ಲರ ಬಳಕೆಗೆ ಒಪ್ಪಿಗೆ’ ಎಂಬ ಚೌಕದಲ್ಲಿ ನಾನೇ ಟಿಕ್ ಹಾಕಿದೆ. ಅವ್ವನನ್ನು ಕೇಳಲಿಲ್ಲ.

ದೀಪಾವಳಿ ಕಳೆದ ವಾರ ಆಳಂದದಿಂದ ನನ್ನ ಗೆಳತಿ ಶಾಹೀನ ಒಂದು ಫೋಟೋ ಕಳಿಸಿದಳು. ಬಸ್ ಸ್ಟ್ಯಾಂಡಿನ ಎದುರು ಆಳೆತ್ತರದ ಫ್ಲೆಕ್ಸು. ಯಾವುದೋ ಚಿತ್ರಪ್ರದರ್ಶನದ ಜಾಹೀರಾತು. ಅದರಲ್ಲಿ ಬಣ್ಣದಲ್ಲಿ ಬರೆದ ನನ್ನವ್ವ. ಅದೇ ಹೊಟ್ಟು, ಅದೇ ಧೂಳು. ಆದರೆ ಮನೆ ಮಾಯವಾಗಿ ಗುಡಿಯ ಮೆಟ್ಟಿಲು ಬಂದಿತ್ತು. ಚಹಾದ ಬಟ್ಟಲು ಭಿಕ್ಷೆಯ ಪಾತ್ರೆಯಾಗಿತ್ತು, ಅದರೊಳಗೆ ಅರ್ಧ ಒಣರೊಟ್ಟಿ. ಕೆಳಗೆ ದಪ್ಪ ಅಕ್ಷರದಲ್ಲಿ ‘ಅನಾಥೆ. ಚಿತ್ರ ಮತ್ತು ಕಥೆ: ಸುನೀಲಕುಮಾರ, ಜೇವರ್ಗಿ.’ ಮಕ್ಕಳು ಬೀದಿಗೆ ತಳ್ಳಿದ ತಾಯಿಯ ಕಥೆಯಂತೆ ಅದು.

ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರೋ ಏನೋ. ನಮಗಾಗುವುದಿಲ್ಲ. ಅವ್ವನ ಅಪ್ಪ, ನಮ್ಮಜ್ಜ ಧಮ್ಮಪಾಲನ ಎಳೆಯ ವಯಸ್ಸಿನಲ್ಲಿ ನಮ್ಮ ಓಣಿಯವರು ಸಂಜೆಯಾದರೆ ಊರೊಳಗೆ ಹೋಗಿ, ಬಾಗಿಲಿಂದ ಬಾಗಿಲಿಗೆ ನಿಂತು ಉಳಿದ ರೊಟ್ಟಿ ಬೇಡಿ ತರಬೇಕಿತ್ತು. ಬೌದ್ಧ ಧಮ್ಮ ಸ್ವೀಕರಿಸಿ ಹೆಸರು ಬದಲಿಸಿಕೊಂಡ ದಿನ ಅಜ್ಜ ಆ ಬೇಡುವ ಬೋಗುಣಿಯನ್ನು ಅಂಗಳದಲ್ಲಿಟ್ಟು ಕಲ್ಲಿನಿಂದ ಜಜ್ಜಿ ಹಾಕಿದ. ಅಂದಿನಿಂದ ನಮ್ಮ ಮನೆಯವರು ಯಾರ ಮುಂದೆಯೂ ಪಾತ್ರೆ ಹಿಡಿದಿಲ್ಲ. ಆ ಬೋಗುಣಿಯನ್ನು ಈ ಜೇವರ್ಗಿಯವನು ತಿರುಗಿ ತಂದು ಅಜ್ಜನ ಮಗಳ ಕೈಗೇ ಕೊಟ್ಟಿದ್ದ.

ಎರಡು ದಿನದಲ್ಲಿ ಸುದ್ದಿ ಚೌಡಾಪುರ ಮುಟ್ಟಿತು. ಪಕ್ಕದ ಮನೆಯ ಭಗವಂತ ಕಾಕಾ ಕಟ್ಟೆಯ ಮುಂದೆ ನಿಂತು, “ಏನಬೇ ದ್ರೌಪದಿ, ಆಳಂದದಾಗ ಬೇಡಾಕತ್ತೀಯಂತಲ್ಲ?” ಎಂದು ಚೇಷ್ಟೆ ಮಾಡಿದ. ಅವ್ವ ನಕ್ಕಳು. ಮರುದಿನದಿಂದ ಕಟ್ಟೆಗೆ ಬರಲಿಲ್ಲ. ಚಹಾ ಒಳಗೇ ಕುಡಿದಳು. ವಾರದೊಳಗೆ, “ಚಾ ಬ್ಯಾಡ, ಪಿತ್ತ ಆಗ್ಯಾದ,” ಎಂದು ಬಟ್ಟಲನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿಬಿಟ್ಟಳು. ಅವಳಿಗೆ ಯಾವ ಪಿತ್ತವೂ ಇರಲಿಲ್ಲ. ಪಿತ್ತ ನೆತ್ತಿಗೇರಿದ್ದು ನನಗೆ.

ಫ್ಲೆಕ್ಸಿನಲ್ಲಿದ್ದ ನಂಬರಿಗೆ ಫೋನು ಮಾಡಿದೆ.

“ನೋಡ್ರಿ ತಂಗಿ, ಅದು ಫ್ರೀ ಫೋಟೋ,” ಎಂದ ಸುನೀಲಕುಮಾರ, ಬಹಳ ಸಮಾಧಾನದಿಂದ. “ಹಾಕಿದವ್ರೇ ಯಾರ್ ಬೇಕಾದ್ರೂ ತಗೋರಿ ಅಂತ ಒಪ್ಪಿಗಿ ಕೊಟ್ಟಿರ್ತಾರ. ಫೋಟೋದಾಗ ಇರಾಕಿ ಯಾರು, ಏನು ಅಂತ ಕೇಳ್ಕೊಂತ ಕುಂತ್ರ ಕಲಾ ಹುಟ್ಟಂಗಿಲ್ಲ.”

“ಆಕಿ ಕೈಯಾಗ ಇದ್ದದ್ದು ಚಾದ ಬಟ್ಟಲ ಸರ್. ಬೇಡೋ ಪಾತ್ರಿ ಅಲ್ಲ.”

“ನನಗ ಹಂಗ ಕಾಣಸ್ತು. ಅದಕ್ಕೇ ಸ್ಫೂರ್ತಿ ಅಂತಾರ,” ಎಂದು ಫೋನಿಟ್ಟ. ನನ್ನ ಹೆಸರು ಕೇಳುವಷ್ಟೂ ಪುರುಸೊತ್ತು ಅವನಿಗಿರಲಿಲ್ಲ.

ಕಾಯ್ದೆ ಅವನ ಕಡೆಗಿತ್ತು, ಟಿಕ್ ಹಾಕಿದವಳು ನಾನು. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಅವನನ್ನು ಅವ್ವನ ಮುಂದೆ ತಲೆ ತಗ್ಗಿಸಿ ನಿಲ್ಲಿಸುವವರೆಗೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ ಎಂದುಕೊಂಡೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅವನು ಭಾನುವಾರಕ್ಕೊಮ್ಮೆ ಆಳಂದದಲ್ಲಿ ‘ಚಿತ್ರ ನೋಡಿ ಬರೆಯಿರಿ’ ಎಂಬ ತರಗತಿ ನಡೆಸುತ್ತಿದ್ದ. ಹೋಗಿ ಸೇರಿಕೊಂಡೆ. ಮೂರನೆಯ ಬೆಂಚು. ಹಾಜರಿಯಲ್ಲಿ ‘ಪಂಚಶೀಲಾ, ಚೌಡಾಪುರ’ ಎಂದು ಬರೆದೆ. ಚಿತ್ರಭಂಡಾರದಲ್ಲಿ ಅವ್ವನ ಫೋಟೋದ ಕೆಳಗೆ ಇದ್ದದ್ದೂ ಅದೇ ಹೆಸರು, ಅದೇ ಊರು. ಅವನು ಹಾಜರಿ ಕೂಗಿದ, ನಾನು “ಬಂದೇನ್ರಿ” ಎಂದೆ. ಅವನಿಗೆ ಏನೂ ಹೊಳೆಯಲಿಲ್ಲ. ಚಿತ್ರದ ಕೆಳಗಿನ ಹೆಸರು ಓದುವ ರೂಢಿಯೇ ಅವನಿಗೆ ಇರಲಿಲ್ಲ.

ಕಲಿಸುವುದನ್ನು ಮಾತ್ರ ಚೆನ್ನಾಗಿ ಕಲಿಸುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಗೋಡೆಯ ಮೇಲೆ ಭಂಡಾರದ ಚಿತ್ರಗಳನ್ನು ದೊಡ್ಡದಾಗಿ ಬಿಟ್ಟು, “ಹತ್ತು ನಿಮಿಷ ಸುಮ್ನ ನೋಡ್ರಿ. ಆಮ್ಯಾಗ ಪೆನ್ ಹಿಡೀರಿ,” ಎನ್ನುತ್ತಿದ್ದ. ಆ ಹತ್ತು ನಿಮಿಷದಲ್ಲಿ ನಾನು ಅವನನ್ನು ನೋಡಿದೆ. ಹುಡುಕುವ ಜಾಗದಲ್ಲಿ ಅವನು ಒತ್ತುವ ಪದಗಳು ಮೂರೇ: ಮುದುಕಿ, ಹಸಿವು, ಕೈ. ಬಂದ ಚಿತ್ರಗಳಲ್ಲಿ ಮುಖ ಕಾಣದ್ದನ್ನು ಆರಿಸುತ್ತಿದ್ದ. “ಮುಖ ಇಲ್ಲಂದ್ರ ಕಥಿಗೆ ಜಾಗ ಇರ್ತದ,” ಎಂದು ವಿವರಿಸುತ್ತಿದ್ದ. ಬರೆಯುವುದೂ ಒಂದೇ ಕಥೆ, ಮಗ ಹೊರಹಾಕಿದ ತಾಯಿ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಮೂರನೆಯ ವಾರ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಒಬ್ಬ ಹಿರಿಯ ಹೆಂಗಸಿನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದ. ‘ನನ್ನ ತಾಯಿಯೇ ನನ್ನ ದೇವರು.’ ಆ ದೇವರನ್ನು ನಾನು ಹತ್ತು ವರ್ಷದಿಂದ ಬಲ್ಲೆ. ಗಂಗಾಬಾಯಿ ಆಯಿ.

ವರ್ಷಕ್ಕೊಮ್ಮೆ, ಚಳಿಗಾಲದ ಒಂದು ಗುರುವಾರ, ಗಂಗಾಬಾಯಿ ಜೇವರ್ಗಿಯಿಂದ ಒಬ್ಬರೇ ಬಂದು ನನ್ನ ಅಂಗಡಿಯಲ್ಲಿ ಇಳಿಯುತ್ತಿದ್ದರು. ಪಡದೆಯ ಹಿಂದೆ ಹೋಗಿ ಒಳ್ಳೆಯ ಸೀರೆ ಬಿಚ್ಚಿ ಹಳೆಯದನ್ನು ಉಡುತ್ತಿದ್ದರು. ಕೈಯ ಬಂಗಾರದ ಬಳೆ ತೆಗೆದು ನನ್ನ ಡ್ರಾಯರಿನಲ್ಲಿ ಇಡುತ್ತಿದ್ದರು. ಆಮೇಲೆ ಗಾಣಗಾಪುರಕ್ಕೆ ಹೋಗಿ, ಹರಕೆ ಹೊತ್ತವರೆಲ್ಲ ಮಾಡುವಂತೆ ಮಧ್ಯಾಹ್ನ ಐದು ಮನೆಯ ಮುಂದೆ ನಿಂತು ಮಧುಕರಿ ಬೇಡಿ, ಸಿಕ್ಕಷ್ಟು ಅನ್ನ ರೊಟ್ಟಿ ಉಂಡು ಬರುತ್ತಿದ್ದರು. ಅಲ್ಲಿ ಸಾಹುಕಾರರೂ ಬೇಡುತ್ತಾರೆ, ನಾಚಿಕೆಯಿಲ್ಲ. ಆದರೆ ಗಂಗಾಬಾಯಿ ಮನೆಯಲ್ಲಿ ಹೇಳಿರಲಿಲ್ಲ. ಅವರ ಯಜಮಾನರು ದೌಲತರಾಯರು, “ದುಡಿದು ಉಣ್ಣು ಅಂದ ಶರಣರ ಮನಿಯಾಕಿ ನೀನು, ಬೇಡಾಕ ಹೋಗ್ತಿಯೇನು?” ಎಂದು ಒಮ್ಮೆ ಅಬ್ಬರಿಸಿದ್ದರಂತೆ. ಆಮೇಲೆ ಎಲ್ಲ ಕದ್ದು ಮುಚ್ಚಿ. ಯಜಮಾನರು ತೀರಿಕೊಂಡು ಆರು ವರ್ಷವಾದರೂ ಆ ಗುಟ್ಟು ಗುಟ್ಟಾಗಿಯೇ ಉಳಿದಿತ್ತು. ಹಾಗೆ ಬಂಗಾರವನ್ನು ನನ್ನ ನಂಬಿ ಇಡುತ್ತಿದ್ದ ಆಯಿ ನೀರು ಮಾತ್ರ ತಮ್ಮ ಬಾಟಲಿಯದೇ ಕುಡಿಯುತ್ತಿದ್ದರು. ಅದನ್ನೂ ನಾನು ಮರೆತಿರಲಿಲ್ಲ.

ಆ ವರ್ಷದ ಗುರುವಾರ ಬಂದಾಗ ನಾನು ಏನನ್ನೂ ಮುಚ್ಚಿಡಲಿಲ್ಲ. ಅವ್ವನ ಫೋಟೋ ತೋರಿಸಿದೆ. ಫ್ಲೆಕ್ಸ್ ತೋರಿಸಿದೆ. ಬೋರಲು ಬಿದ್ದ ಬಟ್ಟಲಿನ ಸಂಗತಿಯನ್ನೂ ಹೇಳಿದೆ. ಆಯಿ ಎರಡೂ ಚಿತ್ರಗಳನ್ನು ದೊಡ್ಡದು ಮಾಡಿಸಿಕೊಂಡು ನೋಡಿದರು.

“ತಪ್ಪು ಮಾಡ್ಯಾನ,” ಎಂದರು. “ಖರೇ ಅಂದ್ರ ಅವಗ ಕಾಣ್ಲಿಲ್ಲ ಅಷ್ಟೇ, ಪಂಚಶೀಲಾ. ಗುರ್ತಿಲ್ಲದವ್ರ ಮಾರಿ ಯಾರಿಗೆ ತಿಳೀತದ?”

“ಗುರ್ತಿದ್ದವ್ರದ ತಿಳೀತದೇನ್ರಿ ಆಯಿ?”

“ನನ್ನ ಮಗಗ? ಸಣ್ಣಾಂವಿದ್ದಾಗ ಕತ್ತಲ್ಯಾಗ ಹತ್ತು ಹೆಂಗಸರ ಕೈ ಮುಟ್ಟಿ ನನ್ನ ಕೈ ಹಿಡೀತಿದ್ದ ಅಂವ.” ಆಯಿ ಬಲಗೈ ಮುಂದೆ ಚಾಚಿದರು. ಮಣಿಕಟ್ಟಿನ ಒಳಗೆ ಹಸಿರು ಚೇಳಿನ ಹಚ್ಚೆ. ಅದರ ಮೇಲಿಂದ ಹೆಬ್ಬೆರಳಿನವರೆಗೆ ಸುಟ್ಟ ಕಲೆ. “ಮೂರು ವರ್ಷದಾಂವ ಕುದಿಯೋ ಬ್ಯಾಳಿ ಗಡಗಿ ಎಳಕೊಂಡ. ನಾ ಕೈ ಅಡ್ಡ ಹಾಕ್ದೆ. ಅದೇ ವರ್ಷ ಟೈಫಾಯ್ಡ್ ಆಗಿ ಸಾಯಾಕ ಬಿದ್ದಿದ್ದ. ಅವ ಉಳದ್ರ ನನ್ನ ಜೀವ ಇರೋತನ ಬೇಡ್ತೇನಿ ಅಂತ ಹರಕಿ ಹೊತ್ತೆ. ಈ ಕೈ ಅವಗ ಗುರ್ತಿಲ್ಲಂದ್ರ ಯಾರಿಗೈತಿ?”

ನಾನು ಕಾಯುತ್ತಿದ್ದದ್ದು ಇದಕ್ಕೇ. “ಹಂಗಾರ ಪಂತ ಕಟ್ರಿ,” ಎಂದೆ.

ಹೊಲಮನೆಯ ಹೆಂಗಸು, ಪಂತಕ್ಕೆ ಹಿಂಜರಿಯುವವರಲ್ಲ; ಹರಕೆಯ ಗುಟ್ಟು ಮಗನಿಗೆ ತಿಳಿದರೆ ತಿಳಿಯಲಿ ಎಂದರು. ಈ ಕೈಗಳ ಫೋಟೋ ಭಂಡಾರಕ್ಕೆ ಹಾಕುವುದು. ಮಗ ಗುರುತು ಹಿಡಿದರೆ ನಾನು ಸಿಟ್ಟು ಬಿಟ್ಟು, ಅವನ ತಂಟೆಗೆ ಹೋಗದೆ ಸುಮ್ಮನಾಗಬೇಕು. ಹಿಡಿಯದಿದ್ದರೆ?

“ಹಿಡೀಲಿಲ್ಲಂದ್ರ ಮಂದಿ ಮುಂದ ನಿಮ್ಮವ್ವನ ಚಿತ್ರ ನಾನೇ ಇಳಸ್ತೇನಿ. ಹೋಳಗಿ ಮಾಡ್ಕೊಂಡು ನಿಮ್ಮ ಮನಿಗಿ ಬರ್ತೇನಿ. ನಿಮ್ಮವ್ವನ ಬಟ್ಟಲದಾಗೇ ಚಾ ಕುಡೀತೇನಿ, ಆತಿಲ್ಲೋ?” ಎಂದು ನಕ್ಕರು. ಸೋಲುವ ಭಯ ಅವರ ಕಣ್ಣಲ್ಲಿ ಎಳ್ಳಷ್ಟೂ ಇರಲಿಲ್ಲ.

ಅವತ್ತು ಮಧ್ಯಾಹ್ನ ನಾನೂ ಗಾಣಗಾಪುರಕ್ಕೆ ಹೋದೆ. ಆಯಿ ಐದನೆಯ ಮನೆಯಿಂದ ಬಂದು, ಬೊಗಸೆಯಲ್ಲಿ ಜೋಳದ ರೊಟ್ಟಿಯ ತುಂಡು, ಬದನೆಕಾಯಿ ಪಲ್ಯ ಹಿಡಿದು ಬಿಸಿಲಿಗೆ ನಿಂತರು. ಕೈಗಳು ಮಾತ್ರ ಬರುವಂತೆ ಒಂದು ತೆಗೆದೆ, ಮುಖವೂ ಬರುವಂತೆ ಇನ್ನೊಂದು. ಮೊದಲನೆಯದನ್ನು ಭಂಡಾರಕ್ಕೆ ಹಾಕಿದೆ. ಮೋಸ ಮಾಡಲಿಲ್ಲ. ಹಚ್ಚೆಯನ್ನಾಗಲಿ ಕಲೆಯನ್ನಾಗಲಿ ಮರೆಮಾಡಲಿಲ್ಲ, ಬೆಳಕು ಏರಿಸಿ ಇನ್ನೂ ಎದ್ದು ಕಾಣುವಂತೆ ಮಾಡಿದೆ. ಗುರುತಿನ ಪದಗಳು ಮೂರು ಕೊಟ್ಟೆ: ಮುದುಕಿ, ಹಸಿವು, ಕೈ.

ಎರಡು ಭಾನುವಾರ ಏನೂ ಆಗಲಿಲ್ಲ. ಮೂರನೆಯ ಭಾನುವಾರ ತರಗತಿಯ ಗೋಡೆಯ ಮೇಲೆ ಗಂಗಾಬಾಯಿಯ ಕೈಗಳು ಬಾಗಿಲಿನಷ್ಟು ದೊಡ್ಡದಾಗಿ ಬಂದು ನಿಂತವು.  ಸುನೀಲಕುಮಾರ ಹತ್ತು ನಿಮಿಷ ಸುಮ್ಮನೆ ನೋಡಿದ. ಎದ್ದು ಹತ್ತಿರ ಹೋಗಿ ಸುಟ್ಟ ಕಲೆಯ ಮೇಲೆ ಬೆರಳಾಡಿಸಿದ. ಈಗ ಹಿಡಿದ, ಸತ್ತೆ ನಾನು ಎಂದುಕೊಂಡೆ.

“ಈ ಕಲಿ ನೋಡ್ರಿ,” ಎಂದ ನಮ್ಮ ಕಡೆ ತಿರುಗಿ. “ಇದರಾಗೇ ಕಥಿ ಅದ.”

ಅವತ್ತು ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತ ಬಂದೆ. ಪಕ್ಕದಲ್ಲಿ ಕುಳಿತವಳು ಸರಿದು ಕುಳಿತಳು.

ಜೇವರ್ಗಿಯ ಒಂದು ಕಲ್ಯಾಣ ಮಂಟಪದಲ್ಲಿ ಅವನ ಹೊಸ ಪ್ರದರ್ಶನ ನಡೆಯಿತು. ಬೆಳಿಗ್ಗೆ ಹನ್ನೊಂದು ಗಂಟೆ, ಊರಿನ ಪ್ರಮುಖರೆಲ್ಲ ಬಂದಿದ್ದರು. ಪಕ್ಕದ ಗೋಡೆಗೆ ಹಳೆಯ ಚಿತ್ರಗಳು, ಅವುಗಳ ನಡುವೆ ನನ್ನವ್ವ. ವೇದಿಕೆಯ ಮೇಲೆ ಬಟ್ಟೆ ಮುಚ್ಚಿದ ಹೊಸದು. ಮೊದಲ ಸಾಲಿನ ನಟ್ಟನಡುವೆ ಗಂಗಾಬಾಯಿ, ಇಳಕಲ್ ಸೀರೆ, ಕೈತುಂಬ ಬಂಗಾರದ ಬಳೆ. ನನ್ನನ್ನು ಕಂಡು ಹುಬ್ಬು ಹಾರಿಸಿದರು. ಮಗ ಮನೆಯಲ್ಲಿ ಚಿತ್ರ ತೋರಿಸಿರಲಿಲ್ಲ. ಗುರುತು ಹಿಡಿದು ತನಗೆ ಅಚ್ಚರಿ ಕೊಡಲೆಂದೇ ಮುಚ್ಚಿಟ್ಟಿದ್ದಾನೆ ಎಂದು ಅವರು ನಂಬಿದ್ದರು.

ಬಟ್ಟೆ ಸರಿಯಿತು. ಕೈಗಳನ್ನು ಅದ್ಭುತವಾಗಿ ಬರೆದಿದ್ದ, ಪಾಪಿ. ಚೇಳಿನ ಕೊಂಡಿ ಕೂಡ ತಪ್ಪಿರಲಿಲ್ಲ. ಗಂಗಾಬಾಯಿ ನನ್ನತ್ತ ತಿರುಗಿ, ನೋಡಿದೆಯಾ ಎನ್ನುವಂತೆ ತಲೆಯಾಡಿಸಿದರು. ಆಗ ಅವನು ಕಥೆ ಓದತೊಡಗಿದ.

“ಈ ಕೈಗಳನ್ನು ನೋಡಿ. ಇವು ಹೆಸರಿಲ್ಲದ ಒಬ್ಬ ಭಿಕ್ಷುಕಿಯ ಕೈಗಳು. ಈ ಬರೆ ಹಾಕಿದವನು ಬೇರಾರೂ ಅಲ್ಲ, ಅವಳು ಹೆತ್ತ ಮಗ. ಒಂದು ರೊಟ್ಟಿ ಹೆಚ್ಚು ತಿಂದಳೆಂದು ಕಾದ ಸೌಟು ಇಟ್ಟು ಬೀದಿಗೆ ನೂಕಿದ...”

ಆಯಿಯ ತಲೆ ಆಡುವುದು ನಿಂತಿತು. ಸ್ವಲ್ಪ ಹೊತ್ತಿಗೆ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಅವನು ಓದಿ ಮುಗಿಸಿದ, ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು, ಚಪ್ಪಾಳೆ ಬಿತ್ತು. ಗಂಗಾಬಾಯಿ ಏಳಲಿಲ್ಲ. ಮಗನ ಮಾನ ಉಳಿಸಲು ಪಂತ ನುಂಗಿಬಿಡುತ್ತಾರೆ ಎನಿಸಿ ನನಗೆ ಅವರ ಮೇಲೂ ರೋಷ ಉಕ್ಕಿತು. ಮುಖವಿದ್ದ ಫೋಟೋ ನನ್ನ ಮೊಬೈಲಿನಲ್ಲಿತ್ತು. ತರಗತಿಯ ವಾಟ್ಸಾಪ್ ಗುಂಪಿಗೆ ಕಳಿಸಲು ಬೆರಳು ಎತ್ತಿದ್ದೆ.

ಅಷ್ಟರಲ್ಲಿ ಅವನೇ ವೇದಿಕೆ ಇಳಿದು ಬಂದು ತಾಯಿಯ ಪಾದ ಹಿಡಿದ. ಫೋಟೋದವರು ಸುತ್ತ ಮುತ್ತಿದರು. ಕೊರಳಿಗೆ ಸಿಕ್ಕಿಸಿದ್ದ ಮೈಕು ಇನ್ನೂ ನಡೆಯುತ್ತಿತ್ತು. “ಯವ್ವಾ, ತಲಿ ಮ್ಯಾಲ ಕೈ ಇಡು, ಫೋಟೋ ತಗೀತಾರ,” ಎಂದದ್ದು ಇಡೀ ಮಂಟಪಕ್ಕೆ ಕೇಳಿತು.

ಗಂಗಾಬಾಯಿ ಒಂದೊಂದೇ ಬಳೆ ತೆಗೆದು ತೊಡೆಯ ಮೇಲಿಟ್ಟರು. ಬರಿಗೈಗಳನ್ನು ಬೊಗಸೆ ಮಾಡಿ ಮಗನ ಮುಖದ ಮುಂದೆ ಹಿಡಿದರು. ಅವನು ಮೊದಲು ನಕ್ಕ. ಆಮೇಲೆ ಕೈ ನೋಡಿದ, ತಿರುಗಿ ವೇದಿಕೆ ನೋಡಿದ, ಮತ್ತೆ ಕೈ ನೋಡಿದ.

“ಯವ್ವಾ... ಇದು...”

“ನಿನ್ನ ಜೀವಕ್ಕ ಬೇಡಿದ ಕೈ,” ಎಂದರು ಆಯಿ. “ವರ್ಷಕ್ಕೊಮ್ಮಿ ಗಾಣಗಾಪುರದಾಗ ಐದು ಮನಿ ಬೇಡ್ತೇನಿ. ಅದು ನಿನಗ ಗೊತ್ತಿಲ್ಲ, ಬಿಡು. ಕೈ ಗೊತ್ತಿಲ್ಲೇನೋ ಸುನೀಲ? ಇವತ್ತು ಮುಂಜಾನೆ ರೊಟ್ಟಿ ತಿಂದಿ ಈ ಕೈಲೆ. ಈ ಬರಿ ಯಾವ ಮಗ ಹಾಕ್ಯಾನ, ಹೇಳು ನೋಡೋಣ. ಬ್ಯಾಳಿ ಗಡಗಿ ಎಳಕೊಂಡಾಂವ ಯಾರು?”

 ಮೈಕಿನಲ್ಲಿ ಅವನ ಏದುಸಿರು ಮಾತ್ರ ಬರುತ್ತಿತ್ತು. ನನಗೆ ಸಿಹಿಯಾಯಿತು. ಅವನ ಮುಖದಿಂದ ರಕ್ತ ಇಳಿದು ಹೋಗುವುದನ್ನು ಕಣ್ತುಂಬ ನೋಡಿದೆ, ನಮ್ಮಜ್ಜನ ಕಲ್ಲೇಟು ಇನ್ನೊಮ್ಮೆ ಬಿದ್ದಂತೆ ಹಿಗ್ಗಿದೆ.

ಗಂಗಾಬಾಯಿ ಎದ್ದು ಪಕ್ಕದ ಗೋಡೆಯ ಹತ್ತಿರ ಹೋದರು. ನನ್ನವ್ವನ ಚಿತ್ರವನ್ನು ಮೊಳೆಯಿಂದ ತಾವೇ ಇಳಿಸಿ, ಹೊತ್ತು ತಂದು ನನ್ನ ಕೈಗಿಟ್ಟರು. “ತಗೋಬೇ, ನಿಮ್ಮವ್ವನ್ನ ಮನಿಗಿ ಕರ್ಕೊಂಡು ಹೋಗು.” ಸುನೀಲಕುಮಾರ ಆಗ ನನ್ನನ್ನು ನೋಡಿದ. ಮೂರನೆಯ ಬೆಂಚಿನವಳು, ಫೋನಿನವಳು, ಫೋಟೋದ ಕೆಳಗಿನ ಹೆಸರಿನವಳು, ಎಲ್ಲ ಒಬ್ಬಳೇ ಎಂದು ಅವನಿಗೆ ಅರ್ಥವಾದದ್ದು ಕಂಡಿತು. ತಲೆ ತಗ್ಗಿಸಿದ.

ಮನೆಯಲ್ಲಿ ಅವ್ವ ಚಿತ್ರವನ್ನು ಗೋಡೆಗೆ ಒರಗಿಸಿ ದೂರ ನಿಂತು, ಹತ್ತಿರ ಬಂದು ನೋಡಿದಳು. “ಸೀರಿ ಬಣ್ಣ ಬೇಷ್ ಹಚ್ಯಾನ,” ಎಂದಳು. “ಬಟ್ಟಲ ಒಂದು ಕೆಡಿಸ್ಯಾನ ನೋಡು.” ನಾನು ಬಣ್ಣ ತಂದು ರೊಟ್ಟಿಯ ಮೇಲೆ ಚಹಾ ತುಂಬಿದೆ. ಕೆನೆ ಕಟ್ಟಿದ ಚಹಾ ಬೇಕೆಂದು ಎರಡು ಸಲ ತಿದ್ದಿಸಿದಳು. ಮರುದಿನ ಸಂಜೆ ಅಟ್ಟದ ಮೇಲಿನ ಬಟ್ಟಲು ಇಳಿಯಿತು, ಅವ್ವ ಕಟ್ಟೆಗೆ ಬಂದಳು. ಭಗವಂತ ಕಾಕಾನನ್ನು ಕರೆದು ಅವನಿಗೂ ಅರ್ಧ ಕಪ್ಪು ಕೊಟ್ಟಳು. ನನಗೆ ಇನ್ನೇನು ಬೇಕಿತ್ತು?

ಹದಿನೈದು ದಿನಕ್ಕೆ ಗಂಗಾಬಾಯಿ ಬಂದರು, ಕೈಯಲ್ಲಿ ಹೋಳಿಗೆಯ ಗಂಟು. ನಮ್ಮ ಓಣಿಗೆ ಅದೇ ಮೊದಲು. ಅವ್ವ ಗಾಬರಿಯಲ್ಲಿ ಹೊಸ ಕಪ್ಪು ತರಲು ಹೋದಳು. “ಬ್ಯಾಡ ತಂಗಿ, ಆ ಬಟ್ಟಲದಾಗೇ ಕೊಡು. ಮಾತು ಕೊಟ್ಟೇನಿ,” ಎಂದರು. ಕಟ್ಟೆಯ ಮೇಲೆ ಕುಳಿತು, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಊದಿ ಕುಡಿದರು. ಇಳಿಬಿಸಿಲು ಆ ಕೈಗಳ ಮೇಲೆ ಬಿದ್ದಿತ್ತು. ನನ್ನ ಕೈ ತಾನಾಗಿಯೇ ಮೊಬೈಲಿನ ಕಡೆ ಹೋಯಿತು.

“ಬ್ಯಾಡ,” ಎಂದರು ಆಯಿ, ನನ್ನನ್ನು ನೋಡದೆಯೇ.

ಇನ್ನೊಂದು ಗುಟುಕು ಕುಡಿದು ಕೇಳಿದರು: “ಹೊಟ್ಟಿ ತಣ್ಣಗಾತೇನು ಪಂಚಶೀಲಾ?”

“ಆತ್ರಿ,” ಎಂದೆ. ಆಗಿತ್ತು.

“ಒಳ್ಳೇದಾತು. ಅವ ಎಲ್ಲಾ ಚಿತ್ರ ಸುಟ್ಟ. ಅದು ಹೋಗ್ಲಿ.” ಬಟ್ಟಲನ್ನು ಕೆಳಗಿಟ್ಟರು. “ನನ್ನ ಕೈಲೆ ಊಟ ತಗೋವಲ್ಲ. ತಾಟು ಮುಂದ ಮಾಡಿದ್ರ ಮಾರಿ ತಿರುಗಸ್ತಾನ. ನಿನ್ನ ಕೈ ನೋಡಾಕ ಆಗಂಗಿಲ್ಲವ್ವಾ ಅಂತಾನ. ಹಿಟ್ಟು ನಾದೂಮುಂದ ನಾನೂ ಈಗೀಗ ಸೆರಗು ಹೊಚ್ಕೋತೇನಿ.”

ಅವ್ವ ನನ್ನ ಕಡೆ ನೋಡಿದಳು. ನಾನು ಓಣಿಯ ಕಡೆ ನೋಡಿದೆ.

ಗಂಗಾಬಾಯಿ ಗಂಟು ಬಿಚ್ಚಿ, ಹೋಳಿಗೆ ಮುರಿದು, ತುಪ್ಪ ಹಚ್ಚಿದ ತುಂಡನ್ನು ನನ್ನ ಬಾಯಿಯ ಹತ್ತಿರ ತಂದರು. “ನೀ ಗೆದ್ದಿ. ತಿನ್ನು,” ಎಂದರು.

ಚೇಳು, ಸುಟ್ಟ ಕಲೆ, ಎರಡೂ ನನ್ನ ಕಣ್ಣ ಮುಂದೆಯೇ ಇದ್ದವು. ನಾನು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದೆ.